ಜಿರಾಫೆಗೆ ಬಡಿಸಿಟ್ಟ ಮುಳ್ಳು

ಅಮೆರಿಕದ ಸಮಾಮಿಶ್ ಊರಿನ ನಮ್ಮ ಮನೆಯಲ್ಲಿ ಒಂದು ಜಿರಾಫೆಗೆ ಬೇಕಾದ ಸಕಲ ಏರ್ಪಾಡೂ ಆಗಿತ್ತು, ಜಿರಾಫೆಯೊಂದು ಬಂದಿರಲಿಲ್ಲ ಅಷ್ಟೆ! ತಮಾಷೆ ಅಂದುಕೊಳ್ಳಬೇಡಿ. ಎತ್ತರದ ಸೂರಿನ ಹಜಾರ, ದಕ್ಷಿಣಕ್ಕೆ ಆಳೆತ್ತರದ ಕಿಟಕಿ, ಆ ಕಿಟಕಿಗೆ ಮೈ ಒತ್ತಿಕೊಂಡು ನಿಂತ ಆಫ್ರಿಕಾದ ಮುಳ್ಳಿನ ಮರ. ಜಿರಾಫೆಗಳು ನಾಲಿಗೆ ಚಪ್ಪರಿಸಿಕೊಂಡು ತಿನ್ನುವ ಜಾತಿಯದಂತೆ. ಸಾಲದ್ದಕ್ಕೆ ಅದರ ಸೇವೆಗೆ ಸಂಬಳವಿಲ್ಲದ ಆಳೊಬ್ಬಳು. ಯಾರೆಂದು ಬೇರೆ ಹೇಳಬೇಕೇ? ನಾನೇ!

ಇಷ್ಟೂ ಏರ್ಪಾಡು ಮಾಡಿದವರು ನಮ್ಮವರ ಸೋದರತ್ತೆ. ಬೇರೆಯವರ ಮನೆಗೆ ಊರಿನಿಂದ ಬರುವ ಅತ್ತೆಯಂದಿರು ಚಟ್ನಿಪುಡಿ ತರುತ್ತಾರೆ, ಹುಡುಗಿಯರಿಗೆ ಜರಿಲಂಗ ತರುತ್ತಾರೆ, ಸೊಸೆಯ ಸಾರಿಗೆ ಉಪ್ಪು ಹೆಚ್ಚಾಯಿತೆಂದು ಹೇಳಿ ಮನಸ್ಸು ಹಗುರ ಮಾಡಿಕೊಂಡು ವಿಮಾನ ಹತ್ತುತ್ತಾರೆ. ಅಂಥವರನ್ನು ನಾನು ಸಂಭಾಳಿಸಬಲ್ಲೆ. ಆದರೆ ಬಂದ ಮರುದಿನವೇ ನನ್ನ ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು, ಇಂಟರ್‌ನೆಟ್ಟಿನಲ್ಲಿ ಒಂದು ಪೊಟ್ಟಣ ಮುಳ್ಳಿನ ಮರದ ಬೀಜ ತರಿಸುವ ಅತ್ತೆಯನ್ನು ಏನು ಮಾಡುತ್ತೀರಿ?

ನನ್ನನ್ನು ಬಲ್ಲವರೆಲ್ಲ ನಾನು ಬಹಳ ಸಾಧು ಎನ್ನುತ್ತಾರೆ. ಮೈಸೂರಿನ ಕಾನ್ವೆಂಟಿನ ಸಿಸ್ಟರುಗಳು ನಮಗೆ ಬಾಗಿಲನ್ನು ಸದ್ದಾಗದಂತೆ ಮುಚ್ಚುವುದನ್ನೂ, ಕರವಸ್ತ್ರದ ಅಂಚನ್ನು ದಾರ ಕಾಣದಂತೆ ಹೊಲಿಯುವುದನ್ನೂ, ಕೋಪ ಬಂದಾಗ ಮುಗುಳ್ನಗುವುದನ್ನೂ ಕಲಿಸಿದ್ದರು. ಕೋಪವೇ ಬಾರದಂತೆ ಮಾಡುವುದನ್ನು ಮಾತ್ರ ಕಲಿಸಲಿಲ್ಲ. ಬಹುಶಃ ಅದು ಅವರಿಗೂ ಗೊತ್ತಿರಲಿಲ್ಲ. ಹಾಗಾಗಿ ಸಿಟ್ಟು ಬಂದಾಗ ನಾನು ಚಪಾತಿ ಹಿಟ್ಟು ನಾದುತ್ತೇನೆ. ಆ ಮರ ನಮ್ಮ ಮನೆ ಹೊಕ್ಕ ಮೇಲೆ ಚಪಾತಿಗಳು ಎಷ್ಟು ಮೆತ್ತಗಾದವೆಂದರೆ, ನಮ್ಮವರು ಒಂದು ದಿನ ನನ್ನ ಮುಖ ನೋಡಿ, "ಇತ್ತೀಚೆಗೆ ತುಂಬಾ ಖುಷಿಯಾಗಿದೀಯ ಕಣೆ," ಎಂದರು!

ಅತ್ತೆ ಮೂಲತಃ ಉಡುಪಿ ಕಡೆಯವರು. ಮದುವೆಯ ಗೊಡವೆಗೆ ಹೋಗದೆ, ಹರೆಯದಲ್ಲೇ ಬೋಟ್ಸ್ವಾನಾ ದೇಶದ ಶಾಲೆಯೊಂದಕ್ಕೆ ಭೂಗೋಳದ ಟೀಚರಾಗಿ ಹೋದವರು. ಕೂದಲು ನರೆಯುವವರೆಗೂ ಅಲ್ಲಿಯೇ ಪಾಠ ಹೇಳಿ, ನಿವೃತ್ತಿಯಾದ ಮೇಲೆ ಉಡುಪಿಗೆ ಮರಳಿ ತಂಗಿಯ ಮನೆಯ ಮಹಡಿಯಲ್ಲಿದ್ದರು. ಪ್ರತಿ ವರ್ಷ ಏಪ್ರಿಲಿನಲ್ಲಿ ನಮ್ಮಲ್ಲಿಗೆ ಬಂದು ಅಕ್ಟೋಬರಿನ ಚಳಿ ಶುರುವಾಗುವ ಹೊತ್ತಿಗೆ ಹೊರಡುತ್ತಿದ್ದರು. ನೂಲಿನ ಸೀರೆ, ಕಾಲಿಗೆ ಲೇಸ್ ಕಟ್ಟುವ ಬೂಟು, ತಲೆಗೆ ಅಗಲ ಅಂಚಿನ ಖಾಕಿ ಟೋಪಿ. ಈ ವೇಷದಲ್ಲಿ ದಿನಾ ಬೆಳಿಗ್ಗೆ ವಾಕಿಂಗ್! ಸಮಾಮಿಶ್ ಎಂದರೆ ಹಾಲು ತರಬೇಕಾದರೂ ಕಾರು ತೆಗೆಯಬೇಕಾದ ಊರು. ರಸ್ತೆಯಲ್ಲಿ ನಡೆಯುವವರೆಂದರೆ ನಾಯಿ ಹಿಡಿದವರು ಮಾತ್ರ. ಒಂದು ದಿನ ಯಾರೋ ಪುಣ್ಯಾತ್ಗಿತ್ತಿ ಕಾರು ನಿಲ್ಲಿಸಿ, ಬಹಳ ಮರುಕದಿಂದ, ದಾರಿ ತಪ್ಪಿದ್ದೀರಾ ಎಂದು ಕೇಳಿದಳಂತೆ. ಅತ್ತೆ ಟೋಪಿ ಸರಿಮಾಡಿಕೊಂಡು ಇಂಗ್ಲಿಷಿನಲ್ಲಿ, "ನಾನು ಭೂಗೋಳದ ಟೀಚರ್. ನೀವು ಎಲ್ಲಿಗೆ ಹೋಗಬೇಕಿತ್ತು?" ಎಂದು ಕೇಳಿ, ಅವಳಿಗೇ ದಾರಿ ತೋರಿಸಿ ಕಳಿಸಿದರು!

ಸರಿ, ಬೀಜದ ಪೊಟ್ಟಣ ಬಂತು. ಹುಣಿಸೆಬೀಜದ ಬಡ ತಮ್ಮನಂತಿರುವ, ಚಪ್ಪಟೆಯಾದ, ಕಲ್ಲಿನಂಥ ಕಂದು ಬೀಜಗಳು. ಅತ್ತೆ ನನ್ನ ಕಾಫಿ ಫಿಲ್ಟರಿನ ಕೆಳಗಿನ ಬಟ್ಟಲನ್ನೇ ತೆಗೆದುಕೊಂಡು, ಬೀಜ ಹಾಕಿ, ಮೇಲೆ ಕುದಿಯುವ ನೀರು ಹೊಯ್ದರು.

"ಅಯ್ಯೋ ಅತ್ತೆ, ಬೆಂದು ಹೋಗಲ್ವಾ?"

"ಬೇಯುದೂ ಇಲ್ಲ, ಎಂತದೂ ಇಲ್ಲ. ಇದು ಮರ್ಯಾದೆಯಲ್ಲಿ ಕರೆದ್ರೆ ಏಳುವ ಜಾತಿ ಅಲ್ಲ ಮಾರಾಯ್ತಿ. ಅಲ್ಲಿ ಕಾಡಲ್ಲಿ ಪ್ರಾಣಿಯ ಹೊಟ್ಟೆಯೊಳಗೆ ಹೋಗಿ ಬರ್ಬೇಕು, ಇಲ್ಲಾಂದ್ರೆ ಹೀಗೆ ಬಿಸಿ ಮುಟ್ಟಿಸ್ಬೇಕು. ಒಂದು ರಾತ್ರಿ ನೆನೀಲಿ, ನಾಳೆ ನೋಡು, ಹೇಗೆ ಉಬ್ತದೆ!"

ಉಬ್ಬಿತು. ಮೊಳಕೆಯೂ ಬಂತು. ಆಗ ಎದ್ದಿತು ಕುಂಡದ ಪ್ರಶ್ನೆ. ಈ ಮಹಾರಾಯನಿಗೆ ಮೇಲೆ ಬೆರಳುದ್ದ ಬೆಳೆಯುವ ಮೊದಲು ಕೆಳಗೆ ಮೊಳದುದ್ದ ಬೇರು ಇಳಿಸುವ ಚಟವಂತೆ. ಮರಳುಗಾಡಿನ ಅಂಚಿನಲ್ಲಿ ನೆಲದಡಿಯ ನೀರು ಹುಡುಕಿ ಹುಡುಕಿ ಬಂದ ಅಭ್ಯಾಸ. ಈ ಮರ ಎಲ್ಲಿದೆಯೋ ಅಲ್ಲಿ ಆಳದಲ್ಲಿ ನೀರುಂಟೆಂದು ಅಲ್ಲಿನವರು ಲೆಕ್ಕ ಹಾಕುತ್ತಾರಂತೆ. ಆದ್ದರಿಂದ ಕುಂಡ ಆಳವಾಗಿರಬೇಕು. ಅತ್ತೆಯ ಕಣ್ಣು ಬಾಗಿಲ ಪಕ್ಕದ ನನ್ನ ಪಿಂಗಾಣಿ ಛತ್ರಿದಾನಿಯ ಮೇಲೆ ಬಿತ್ತು. ನೀಲಿ ಬಳ್ಳಿಯ ಚಿತ್ರವಿರುವ, ಮದುವೆಗೆ ನನ್ನ ಗೆಳತಿಯರೆಲ್ಲ ಸೇರಿ ಕೊಟ್ಟ ಛತ್ರಿದಾನಿ! ನಾನು ತರಕಾರಿ ಕೊಂಡು ಬರುವಷ್ಟರಲ್ಲಿ ಅದರ ತಳಕ್ಕೆ ಡ್ರಿಲ್ ಮೆಶೀನಿನಿಂದ ತೂತು ಬಿದ್ದಿತ್ತು, ಒಳಗೆ ಮರಳು ತುಂಬಿತ್ತು.

"ಅತ್ತೆ!" ಎಂದೆ.

"ಈ ಊರಿನಲ್ಲಿ ಇಷ್ಟು ಮಳೆ ಬಂದ್ರೂ ಒಬ್ಬರ ಕೈಯಲ್ಲೂ ಕೊಡೆ ಇಲ್ಲ," ಎಂದರು ಅತ್ತೆ ಶಾಂತವಾಗಿ. "ಹಾಗಿರುವಾಗ ನಿನಗೆ ಛತ್ರಿದಾನಿ ಎಂತಕ್ಕೆ?"

ಸಿಟ್ಟು ಹೇಗೆ ಬಂತೆಂದರೆ, ಆ ಸಂಜೆ ನಮ್ಮ ಮನೆಯಲ್ಲಿ ಮರುದಿನಕ್ಕೂ ಆಗುವಷ್ಟು ಚಪಾತಿ ಇತ್ತು.

ಇಷ್ಟಕ್ಕೇ ಮುಗಿಯಿತೇ? ಬಿತ್ತಿ ಉಳಿದ ಬೀಜಗಳನ್ನು ಏನು ಮಾಡುವುದು? ಅಲ್ಲಿನ ಜನ ಇದನ್ನು ಹುರಿದು ಕಾಫಿ ಮಾಡುತ್ತಾರಂತೆ! ಅತ್ತೆ ಹುರಿದರು, ಪುಡಿ ಮಾಡಿದರು, ನನ್ನ ಫಿಲ್ಟರಿಗೇ ತುಂಬಿದರು. ನಾನು ಮೈಸೂರಿನವಳು ಸ್ವಾಮಿ. ಕಾಫಿಪುಡಿಗೆ ಎಷ್ಟು ಚಿಕೋರಿ ಬೆರೆಸಬೇಕೆಂಬ ವಿಷಯಕ್ಕೆ ಮಾತು ಬಿಟ್ಟ ಮನೆಗಳನ್ನು ಕಂಡವಳು. ಆ ಡಿಕಾಕ್ಷನ್ ಸುಟ್ಟ ಕಡಲೆ ಸಿಪ್ಪೆಯ ವಾಸನೆ ಬೀರುತ್ತ ತೊಟ್ಟಿಕ್ಕುವುದನ್ನು ಎದೆ ಗಟ್ಟಿ ಮಾಡಿಕೊಂಡು ನೋಡಿದೆ. ನಮ್ಮವರು ಆಫೀಸಿಗೆ ಹೊರಡುವ ಅವಸರದಲ್ಲಿ ಒಂದು ಗುಟುಕು ಕುಡಿದರು. ಲೋಟವನ್ನು ದೂರ ಹಿಡಿದು ನೋಡಿದರು. ಈಗ ಉಗುಳುತ್ತಾರೆ, ಈಗ ಅತ್ತೆಗೆ ಬುದ್ಧಿ ಬರುತ್ತದೆ ಎಂದು ನಾನು ಕಾದೆ.

"ಅರೆ, ಇವತ್ತು ಕಾಫಿ ಸಖತ್ತಾಗಿದೆ ಕಣೆ! ಪುಡಿ ಬದಲಾಯಿಸಿದ್ಯಾ?"

ಮದುವೆಯಾಗಿ ಇಷ್ಟು ವರ್ಷದಲ್ಲಿ ಈ ಮನುಷ್ಯ ನನ್ನ ಕಾಫಿಯನ್ನು ಹೊಗಳಿದ್ದು ಅದೇ ಮೊದಲು, ಅದೂ ಅದು ಕಾಫಿಯೇ ಅಲ್ಲದ ದಿನ!

ಬೇಸಿಗೆಯಿಡೀ ಗಿಡ ಹಿತ್ತಲ ಡೆಕ್ಕಿನ, ಅಂದರೆ ಹಲಗೆ ಜಗಲಿಯ ಮೇಲಿತ್ತು. ನಮ್ಮಲ್ಲಿ ಮಳೆಗಾಲ ಮುಗಿದ ಮೇಲಿನ ಬೇಸಿಗೆ ಒಣ ಬಿಸಿಲು, ರಾತ್ರಿ ಒಂಬತ್ತಾದರೂ ಬೆಳಕು. ಗಿಡಕ್ಕೆ ತನ್ನ ಊರೇ ಬಂದಂತಾಗಿ ಸರಸರ ಬೆಳೆಯಿತು. ಜೊತೆಗೆ ಮುಳ್ಳು. ಎರಡೆರಡಾಗಿ, ಗೆಣ್ಣು ಗೆಣ್ಣಿಗೂ, ದಂತದಂತೆ ಬಿಳಿ, ನೆಟ್ಟಗೆ. ಇದರ ಹೆಸರು ಏನು ಗೊತ್ತೇ? ಸಿಹಿಮುಳ್ಳು! ಕಾಂಡದಿಂದ ಒಸರುವ ಅಂಟು ಸಿಹಿಯಾಗಿರುತ್ತದೆಂದು ಆ ಹೆಸರಂತೆ. ಹೆಬ್ಬೆರಳಿಗೆ ಚುಚ್ಚಿಸಿಕೊಂಡು ರಕ್ತ ಹೀರುತ್ತ ನಿಂತವಳಿಗೆ ಯಾವ ಸಿಹಿ?

ಅಕ್ಟೋಬರಿನಲ್ಲಿ ಅತ್ತೆ ಹೊರಡುವ ಮುನ್ನ ಅದು ಮನೆಯೊಳಗೆ ಬಂತು. ಎಳೆ ಗಿಡಕ್ಕೆ ಹಿಮ ತಾಗಕೂಡದು, ಬಿಸಿಲು ತಪ್ಪಕೂಡದು. ಬಿಸಿಲೆಂಬುದು ಚಳಿಗಾಲದಲ್ಲಿ ನಮ್ಮ ಮನೆಗೆ ಬರುವುದೇ ಆ ಒಂದು ದಕ್ಷಿಣದ ಕಿಟಕಿಯಿಂದ, ಅದೂ ಮೋಡದ ಮರ್ಜಿ ನೋಡಿಕೊಂಡು. ಅಲ್ಲಿ ನನ್ನ ಕುರ್ಚಿಯಿತ್ತು. ತಿಂಗಳುಗಟ್ಟಲೆ ಬೂದು ಬಣ್ಣದ ಆಕಾಶದ ಕೆಳಗೆ ಬಾಳುವವರಿಗೆ ಗೊತ್ತು, ಅಂಗೈಯಗಲ ಬಿಸಿಲಿನ ಬೆಲೆ. ಕುರ್ಚಿಯನ್ನು ಅತ್ತ ಸರಿಸಿ ಗಿಡವನ್ನು ಅಲ್ಲಿಟ್ಟಾಗ ನನ್ನ ಮುಖದಲ್ಲಿ ಏನು ಕಂಡಿತೋ, ಅತ್ತೆ ನಮ್ಮವರ ಎದುರಿಗೇ ಕರಾರು ಮಾಡಿಕೊಂಡರು.

"ನೋಡು ಹುಡುಗಿ, ಇದು ಒಮ್ಮೆ ಹೂ ಬಿಡ್ಲಿ. ಅದೊಂದು ನಾನು ನೋಡ್ಬೇಕು. ಮತ್ತೆ ನೀನು ಇದನ್ನ ನಗರದ ಗಾಜಿನ ಮನೆಗೆ ಕೊಟ್ಟುಬಿಡು, ಅವರು ಇಂಥದ್ದನ್ನೆಲ್ಲ ಇಟ್ಕೊಳ್ತಾರೆ. ನಿನ್ನ ಕಿಟಕಿ ನಿನಗೆ. ಆಗ್ಬಹುದಾ?"

"ಹೂವಲ್ಲಿ ಅಂಥಾದ್ದೇನಿದೆ ಅತ್ತೆ?"

"ಎಂತ ಇಲ್ಲ. ಅಲ್ಲಿ ನಮ್ಮ ಶಾಲೆಯ ಅಂಗಳದಲ್ಲಿ ಒಂದು ಇತ್ತು. ಸುತ್ತ ಎಲ್ಲ ಒಣಗಿ ಕೆಂಪು ಮಣ್ಣು ಹಾರ್ತಾ ಇರುವಾಗ ಒಂದು ಬೆಳಿಗ್ಗೆ ಹೋಗಿ ನೋಡಿದ್ರೆ ಮರ ಇಡೀ ಹಳದಿ! ಜೇನ್ನೊಣದ ಗುಂಯ್‌ಗುಟ್ಟುವಿಕೆಯಲ್ಲಿ ನನ್ನ ಪಾಠ ಯಾರಿಗೂ ಕೇಳ್ತಿರ್ಲಿಲ್ಲ. ಸರಿ, ಎಲ್ಲರೂ ಹೊರಗೆ ಬನ್ನಿ ಅಂತ ಹೇಳಿ ಅದರ ಕೆಳಗೇ ಕೂತು ಮಾತಾಡ್ತಿದ್ದೆವು. ಅಷ್ಟೆ." ಕುಂಡದ ಮರಳನ್ನು ಬೆರಳಲ್ಲಿ ಸಮ ಮಾಡುತ್ತ, "ಕೊನೇ ವರ್ಷ ಅದು ಹೂ ಬಿಡುವ ಮೊದಲೇ ನಾನು ಹೊರಟು ಬಂದೆ. ಉಳಿದ ರಜೆ ಲೆಕ್ಕ ಹಾಕಿ ಶಾಲೆಯವರು ಟಿಕೆಟ್ ಮಾಡ್ಸಿದ್ರು ನೋಡು," ಎಂದರು.

ಆಗಬಹುದು ಎಂದೆ. ಹೇಗೂ ಈ ಊರಿನ ಮೋಡಕ್ಕೆ ಅದು ಹೂ ಬಿಡುವುದಿಲ್ಲ, ಎರಡು ತಿಂಗಳಲ್ಲಿ ಒಣಗುತ್ತದೆ ಎಂದು ಒಳಗೊಳಗೆ ಸಮಾಧಾನ.

ಅತ್ತೆ ಹೋದರು. ಪ್ರತಿ ಭಾನುವಾರ ಕಾಲ್. ನಾನು "ಹಲೋ" ಎಂದರೆ ಅತ್ತಲಿಂದ ಬರುವ ಮೊದಲ ಮಾತು, "ಗಿಡ ಹೇಗುಂಟು?" ನನಗೆ ಜ್ವರ ಬಂದು ಗಂಟಲು ಕಟ್ಟಿ ಕರಕರ ಎನ್ನುತ್ತಿದ್ದ ಭಾನುವಾರವೂ ಅಷ್ಟೆ. "ಗಿಡ ಹೇಗುಂಟು? ಎಲೆ ಉದುರ್ತಾ ಉಂಟಾ?" ನನ್ನ ಗಂಟಲು ಕೇಳಿಸಲಿಲ್ಲವೇ? "ನಿನ್ನದೆಂತ ಸ್ವರ, ಫೋನು ಹಾಳಾಗಿದೆಯಾ?" ಎಂದರು!

ನಾನು ದಿನಾ ಸ್ನಾನವಾದ ಮೇಲೆ ಅಕ್ಕಿ ತೊಳೆದ ನೀರನ್ನು ಚೊಂಬಿನಲ್ಲಿ ಹಿಡಿದು ಮನೆಯ ಗಿಡಗಳಿಗೆಲ್ಲ ಹಾಕುವವಳು. ನಮ್ಮಮ್ಮನಿಂದ ಬಂದ ರೂಢಿ. ತುಳಸಿಗಿಷ್ಟು, ಮಲ್ಲಿಗೆಗಿಷ್ಟು, ಊರೆಲ್ಲ ಸಾಲುಗಟ್ಟಿ ಕೇಳುವ ನನ್ನ ಕರಿಬೇವಿಗೆ ಒಂದು ಪಾಲು ಹೆಚ್ಚು. ಅತ್ತೆಯ ಮುಳ್ಳಿಗೂ ಹಾಕುತ್ತಿದ್ದೆ. ಕರ್ತವ್ಯ ನೋಡಿ! ಆದರೆ ಆ ಜ್ವರದ ಭಾನುವಾರ ನಾನು ನಿರ್ಧಾರ ಮಾಡಿದೆ. ಸಾಕು. ಇನ್ನು ಒಂದು ತೊಟ್ಟೂ ಇಲ್ಲ. ಮರುದಿನದಿಂದ ಚೊಂಬು ಹಿಡಿದು ಅದರ ಮುಂದೆಯೇ ಹಾದುಹೋಗುತ್ತಿದ್ದೆ, ಅದಕ್ಕೆ ಕಾಣುವಂತೆ ಪಕ್ಕದ ಮಲ್ಲಿಗೆಗೆ ಸುರಿಯುತ್ತಿದ್ದೆ. ಬೇಡು, ನೋಡೋಣ! ಎಲೆ ಹಳದಿಯಾಗಿ ಉದುರಿದಾಗ ನನಗೆ ಪಾಪ ಎನ್ನಿಸಲಿಲ್ಲ. ಒಂದೊಂದು ಎಲೆ ಗುಡಿಸುವಾಗಲೂ ಕಿಟಕಿಯ ಅಷ್ಟಷ್ಟು ಭಾಗ ವಾಪಸ್ ಬಂದಂತೆನಿಸಿತು.

ಮಾರ್ಚಿನಲ್ಲಿ ಏನಾಯಿತು ಗೊತ್ತೇ? ಪ್ರೀತಿಯಿಂದ ನೀರೆರೆದ ಕರಿಬೇವು ಬೇರು ಕೊಳೆತು ಸತ್ತಿತು. ದ್ವೇಷದಿಂದ ಒಣಗಿಸಿದ ಮುಳ್ಳು ಗೆಣ್ಣು ಗೆಣ್ಣಿನಲ್ಲೂ ಚಿಗುರಿತು!

ಏಪ್ರಿಲಿನಲ್ಲಿ ಬಂದ ಅತ್ತೆ ಬೂಟು ಬಿಚ್ಚುವ ಮೊದಲೇ ಗಿಡದ ಬುಡಕ್ಕೆ ಬೆರಳು ಚುಚ್ಚಿ ನೋಡಿದರು. ಅವರ ಕಣ್ಣು ಅರಳಿತು. "ಚಳಿಗಾಲದಲ್ಲಿ ಇದಕ್ಕೆ ನೀರು ಹಾಕ್ಲಿಕ್ಕಿಲ್ಲ, ಹಾಕಿದ್ರೆ ಕೊಳೀತದೆ. ನಿನಗೆ ಹೇಳ್ಲಿಕ್ಕೆ ಮರೆತೇ ಹೋಗಿತ್ತು ನನಗೆ. ವಿಮಾನ ಹತ್ತಿದ ಮೇಲೆ ನೆನಪಾಯ್ತು, ದಾರಿಯಿಡೀ ಅದೇ ಚಿಂತೆ! ನೀನಾಗಿಯೇ ತಿಳ್ಕೊಂಡ್ಯಲ್ಲ ಮಾರಾಯ್ತಿ! ಕೈಗುಣ ಅಂದ್ರೆ ಇದು!" ಎಂದು ನನ್ನ ಕೈ ಹಿಡಿದು ಕುಲುಕಿದರು. ನನ್ನ ದ್ವೇಷಕ್ಕೂ ಒಂದು ಮರ್ಯಾದೆ ಬೇಡವೇ?

ಇನ್ನೊಂದು ಸಲ ಪರದೆ ಎಳೆಯಲಾಗದೆ, ಕತ್ತರಿ ತಂದು ಕಿಟಕಿಗೆ ಅಡ್ಡ ಬಂದ ಕೊಂಬೆಗಳನ್ನೆಲ್ಲ ಕತ್ತರಿಸಿದೆ. ಯಾರೂ ಇಲ್ಲದಾಗ, ಹಲ್ಲು ಕಚ್ಚಿಕೊಂಡು. ಹೊಸದಾಗಿ ಬಂದ ಕೊಂಬೆಗಳ ಮುಳ್ಳು ಹಳೆಯದಕ್ಕಿಂತ ಒಂದೂವರೆ ಪಟ್ಟು ಉದ್ದ! ಮೇಕೆ, ಜಿಂಕೆ ಬಾಯಿ ಹಾಕಿದಷ್ಟೂ ಇದು ಮುಳ್ಳು ಬೆಳೆಸುತ್ತದಂತೆ. ನನ್ನ ಮಗಳಿಗೆ ಅದನ್ನು ಅಳೆಯುವುದೇ ಆಟವಾಯಿತು. "ಅಮ್ಮಾ, ಇಟ್ ಥಿಂಕ್ಸ್ ಯು ಆರ್ ಎ ಗೋಟ್!" ಎಂದಳು. ಕಾನ್ವೆಂಟಿನಲ್ಲಿ ಶಿಸ್ತಿಗೆ ಬಹುಮಾನ ಪಡೆದವಳನ್ನು ಒಂದು ಗಿಡ ಮೇಕೆ ಎಂದುಕೊಂಡಿದೆ!

ಆ ವರ್ಷದ ದಸರೆಗೆ ನಾನು ಎಂದಿನಂತೆ ಗೊಂಬೆ ಕೂರಿಸಿದೆ. ಕೂರಿಸುವ ಜಾಗ ಅದೇ ಕಿಟಕಿ. ಗಿಡವನ್ನು ಗ್ಯಾರೇಜಿಗೆ ಹಾಕೋಣ ಎಂದರೆ ಅತ್ತೆ ಒಪ್ಪಲಿಲ್ಲ. "ಪಟ್ಟದ ಗೊಂಬೆಗೆ ಕಾವಲು ಬೇಡ್ವಾ?" ಎಂದರು. ಕೊನೆಗೆ ಮೆಟ್ಟಿಲ ಪಕ್ಕದಲ್ಲೇ ನಿಂತಿತು, ಮೈಸೂರಿನ ಅರಮನೆಗೆ ಆಫ್ರಿಕಾದ ಪಹರೆ. ಆರತಿಯ ದಿನ ನನ್ನ ಬೆಂಗಳೂರಿನ ಗೆಳತಿ ತನ್ನ ಹೊಸ ರೇಷ್ಮೆ ಸೀರೆಯಲ್ಲಿ ಬಂದು, ಗೊಂಬೆಯ ಜೊತೆ ಸೆಲ್ಫಿ ತೆಗೆಯಲು ಹಿಂದೆ ಹಿಂದೆ ಸರಿದಳು. ಚರ್ ಎಂದಿತು. ಸೆರಗು ಗಿಡದ ಪಾಲಾಗಿತ್ತು.

"ಅಲುಗಾಡ್ಬೇಡಿ, ಅಲುಗಾಡ್ಬೇಡಿ!" ಅತ್ತೆ ಓಡಿ ಬಂದರು. "ಎಳೀಬೇಡಿ. ಇದು ಕೊಕ್ಕೆ ಮುಳ್ಳಿನ ಜಾತಿ ಅಲ್ಲ. ಆ ಜಾತಿ ಆಗಿದ್ರೆ ಅದಾಗಿಯೇ ಹಿಡ್ಕೊಳ್ತದೆ. ಇದು ನೆಟ್ಟಗಿನ ಮುಳ್ಳು, ಮರ್ಯಾದಸ್ಥ. ತಾನಾಗಿ ಯಾರ ತಂಟೆಗೂ ಹೋಗುದಿಲ್ಲ. ನೀವೇ ಹೋಗಿ ಚುಚ್ಚಿಸಿಕೊಂಡದ್ದು."

"ಮರ್ಯಾದಸ್ಥನಾ ಆಂಟಿ? ಕಾಂಜೀವರಂ ಜಾಲರಿ ಆಯ್ತಲ್ರೀ!" ಗೆಳತಿಗೆ ಅಳುವೊಂದೇ ಬಾಕಿ.

ಅತ್ತೆ ಸಮಾಧಾನ ಮಾಡಿದ ಪರಿ ಹೇಗೆ? ಗಿಡದಿಂದಲೇ ಒಂದು ಉದ್ದದ ಮುಳ್ಳು ಮುರಿದು, ಅದನ್ನೇ ಪಿನ್ನಿನಂತೆ ಬಳಸಿ ಹರಿದ ಸೆರಗನ್ನು ಮಡಿಸಿ ಅವಳ ಹೆಗಲಿಗೆ ಸಿಕ್ಕಿಸಿದರು. ಅಷ್ಟು ಹೊತ್ತೂ ಗಿಡದ ಗುಣಗಾನ. "ಅಲ್ಲಿ ಹೆಂಗಸರು ಇದನ್ನ ಸೂಜಿಯ ಹಾಗೆ ಬಳಸ್ತಾರೆ. ತೊಗಟೆಯಲ್ಲಿ ಹಗ್ಗ ಹೊಸೀತಾರೆ, ಚರ್ಮ ಹದ ಮಾಡ್ತಾರೆ. ಕಾಯಿ ದನಕ್ಕೆ, ಅಂಟು ಮಕ್ಕಳಿಗೆ, ಹೂವು ಜೇನಿಗೆ. ನಿಮ್ಮ ಸೀರೆಯಲ್ಲಿ ಇಷ್ಟು ಉಪಯೋಗ ಉಂಟಾ ಹೇಳಿ?" ಗೆಳತಿ ಒಂದು ತಿಂಗಳು ನನ್ನ ಫೋನ್ ಎತ್ತಲಿಲ್ಲ. ನಾನು ಅಡುಗೆಮನೆಯಲ್ಲಿ ನಿಂತು ನಾದಿದ ಹಿಟ್ಟನ್ನೇ ಮತ್ತೆ ನಾದಿದೆ.

ಮುಂದಿನ ಬೇಸಿಗೆಯೂ ಹೂವಿನ ಸುಳಿವಿಲ್ಲ. ಅತ್ತೆಗಿಂತ ಹೆಚ್ಚಿನ ಕಾತರ ಈಗ ನನಗೆ! ಹೂ ಬಿಟ್ಟರೆ ತಾನೇ ಪೀಡೆ ತೊಲಗುವುದು? ನೆರಳು ಸರಿದಂತೆ ಕುಂಡ ತಿರುಗಿಸಿದೆ. ಬೇರಿಗೆ ಜಾಗ ಸಾಲದೆ ಛತ್ರಿದಾನಿ ಬಿರುಕು ಬಿಟ್ಟಾಗ, ನಾನೇ ಹೋಗಿ ಎದೆಯೆತ್ತರದ ಕುಂಡ ತಂದೆ. ಅತ್ತೆ ಮಾತ್ರ ಕೈ ಹಿಂದೆ ಕಟ್ಟಿಕೊಂಡು ಅದರ ಸುತ್ತ ತಿರುಗಿ, "ಇದಕ್ಕೆ ಸುಖ ಜಾಸ್ತಿ ಆಯ್ತು," ಎಂದರು. "ಯಾರೂ ತಿನ್ಲಿಕ್ಕೆ ಬಾರದ ಗಿಡಕ್ಕೆ ತಾನು ಬದುಕಿದ್ದೇನೆ ಅಂತ ಗೊತ್ತಾಗುದು ಹೇಗೆ? ಸ್ವಲ್ಪ ಯಾರಾದ್ರೂ ಮೇಯ್ಬೇಕು."

ಮರುದಿನ ಬೆಳಿಗ್ಗೆ ನೋಡಿದರೆ ಡೆಕ್ಕಿನ ಗೇಟು ಹಾರುಹೊಡೆದಿದೆ, ಮೇಲೆ ಎರಡು ಜಿಂಕೆ! ನಮ್ಮ ಬಡಾವಣೆಯ ಜಿಂಕೆಗಳಿಗೆ ಮೊದಲೇ ಸಂಕೋಚ ಕಡಿಮೆ. ಅವು ಅತ್ತೆಯ ಗಿಡವನ್ನು ಮೂಸಿದವು. ಮೂಗು ಸರಕ್ಕನೆ ಹಿಂದಕ್ಕೆಳೆದುಕೊಂಡವು. ಆಮೇಲೆ ನನ್ನ ಗುಲಾಬಿಗಳನ್ನು ಬುಡದವರೆಗೂ, ನನ್ನ ಟೊಮೆಟೊ ಗಿಡವನ್ನು ಕಡ್ಡಿ ಸಮೇತ ತಿಂದು ಮುಗಿಸಿದವು.

"ನಿನ್ನ ಗುಲಾಬಿ ಒಳ್ಳೆ ರುಚಿ ಇರ್ಬೇಕು," ಎಂದರು ಅತ್ತೆ, ನನಗೆ ಸಂತೋಷವಾಗಲೆಂದು.

ನಾನು ಒಳಗೆ ಹೋಗಿ ಹಿಟ್ಟಿನ ಡಬ್ಬಿ ತೆಗೆದೆ. ಕಿಟಕಿಯಿಂದ ಹೊರಗೆ ನೋಡುತ್ತೇನೆ: ಖಾಕಿ ಟೋಪಿ, ನೂಲಿನ ಸೀರೆಯ ಅತ್ತೆ ಕತ್ತು ಉದ್ದ ಮಾಡಿ, ಮುಳ್ಳುಗಳ ನಡುವೆ ಜಾಗರೂಕತೆಯಿಂದ ತುಟಿ ತೂರಿಸಿ, ತುದಿಯ ಚಿಗುರನ್ನು ಕಚ್ಚಿ ಜಗಿಯುತ್ತಿದ್ದಾರೆ! ಬೇಲಿಯಾಚೆ ಪಕ್ಕದ ಮನೆಯ ಅಮೆರಿಕನ್ ದಂಪತಿ ಕಾಫಿ ಮಗ್ಗು ಹಿಡಿದು ಕಲ್ಲಾಗಿ ನಿಂತಿದ್ದಾರೆ. ಆಗ ನನಗೆ ಗೊತ್ತಾಯಿತು, ಜಿರಾಫೆ ಬಂದಿಲ್ಲ ಎಂದು ನಾನು ತಿಳಿದದ್ದು ತಪ್ಪು. ಅದು ಪ್ರತಿ ವರ್ಷ ಏಪ್ರಿಲಿನಲ್ಲೇ ಬರುತ್ತಿತ್ತು!

ಆದರೆ ಅದರ ಮುಂದಿನ ಏಪ್ರಿಲಿನಲ್ಲಿ ಬರಲಿಲ್ಲ. "ಈ ಸಲ ಆಗುದಿಲ್ಲ ಮಾರಾಯ್ತಿ," ಎಂದರು ಫೋನಿನಲ್ಲಿ. ಏಕೆಂದರೆ ಮಾವಿನ ಮಿಡಿ ಉಪ್ಪಿಗೆ ಹಾಕಬೇಕಂತೆ. ಅದಾದ ಮೇಲೆ ಮಂಡಿ ನೋವಂತೆ. ಆಮೇಲೆ ತಂಗಿಯ ಮನೆಗೆ ಸುಣ್ಣಬಣ್ಣವಂತೆ. ನನಗೆ ಮೈಯುರಿಯಿತು. ಅವರಿಗೋಸ್ಕರ ಮೂರು ಚಳಿಗಾಲ ಬಿಸಿಲು ಬಿಟ್ಟುಕೊಟ್ಟಿದ್ದೇನೆ, ಇವರಿಗೆ ಸುಣ್ಣಬಣ್ಣ ಮುಖ್ಯವೇ? "ಹೂವು ಯಾರು ನೋಡ್ತಾರೆ ಅತ್ತೆ?" ಎಂದು ಕೇಳಿದೆ. "ಬಿಟ್ರೆ ತಾನೇ!" ಎಂದು ನಕ್ಕು ಫೋನಿಟ್ಟರು. ಗಿಡ ಹೇಗುಂಟು ಎಂದು ಅವತ್ತು ಕೇಳಲೇ ಇಲ್ಲ. ಕೇಳದೇ ಇದ್ದದ್ದಕ್ಕೂ ಸಿಟ್ಟು ಬಂತು!

ಆ ಕುಂಡವನ್ನು ಡೆಕ್ಕಿಗೆ ಸಾಗಿಸಲು ನಮ್ಮವರು ಸೊಂಟ ಹಿಡಿಸಿಕೊಂಡರು. ಆ ಬೇಸಿಗೆ ಬಿಸಿಲೆಂದರೆ ಬಿಸಿಲು. ಹುಲ್ಲೆಲ್ಲ ಒಣಗಿ ಬೀದಿಗೆ ಬೀದಿಯೇ ಹೊಂಬಣ್ಣ. ಜನ ಫ್ಯಾನಿಗಾಗಿ ಅಂಗಡಿ ಅಂಗಡಿ ಅಲೆಯುತ್ತಿದ್ದರು. ನಾನು ಗಿಡದ ಬುಡಕ್ಕೆ ನೀರು ಹಾಕುತ್ತಿದ್ದಾಗ ಒಂದು ಬೆಳಿಗ್ಗೆ ತುದಿಯ ಕೊಂಬೆಯಲ್ಲಿ ಹಸಿರು ಮೆಣಸಿನಕಾಳಿನಂಥದ್ದೇನೋ ಕಂಡಿತು. ಹುಳುವಿನ ಮೊಟ್ಟೆ ಎಂದುಕೊಂಡು ಉಗುರಿನಿಂದ ಕೆರೆಯಲು ಹೋದವಳು ಯಾಕೋ ಬಿಟ್ಟೆ. ಅದು ಮೊಗ್ಗು.

ಅರಳಿದ ಬೆಳಿಗ್ಗೆ ನಾನು ತಲೆಯೂ ಬಾಚದೆ ವಿಡಿಯೋ ಕಾಲ್ ಮಾಡಿದೆ. ಅಲ್ಲಿ ಸಂಜೆ ದೀಪ ಹಚ್ಚುವ ಹೊತ್ತು. ತೆರೆಯ ಮೇಲೆ ಕಂಡದ್ದೇನು? ಒಂದು ಕಿವಿ, ಅದರ ಓಲೆ, ಒಂದಿಷ್ಟು ಬಿಳಿ ಕೂದಲು!

"ಅತ್ತೆ, ಫೋನು ಕಿವಿಗಿಟ್ಕೊಂಡಿದೀರ! ಮುಂದೆ ಹಿಡೀರಿ. ಹೂ ಬಿಟ್ಟಿದೆ, ಹೂ!"

ಕಿವಿ ಅಲುಗಲಿಲ್ಲ.

"ಅತ್ತೆ, ನೋಡಿ ಅಂದ್ರೆ! ಮೈಯೆಲ್ಲಾ ಚುಚ್ಚಿಸ್ಕೊಂಡು ಇಲ್ಲಿ ನಿಂತಿದೀನಿ, ನೀವು ನನಗೆ ಕಿವಿ ತೋರಿಸ್ತಾ ಇದೀರಲ್ಲ!"

"ಕೂಗ್ಬೇಡ," ಎಂದರು. ದನಿ ಎಂದಿನಂತೆಯೇ ಇತ್ತು. "ಮುಂದೆ ಹಿಡಿದ್ರೂ ಅಷ್ಟೆ, ಹಿಂದೆ ಹಿಡಿದ್ರೂ ಅಷ್ಟೆ. ಕಾಣುದಿಲ್ಲ ನನಗೆ. ಕಣ್ಣಿನ ನರ ಒಣಗಿದೆಯಂತೆ. ಚಳಿಗಾಲದಲ್ಲೇ ಶುರುವಾಗಿತ್ತು, ಈಗ ಪೂರ್ತಿ ಆಯ್ತು. ಇನ್ನು ಎಂತ ಮಾಡ್ಲಿಕ್ಕೂ ಆಗುದಿಲ್ಲ ಅಂತ ಡಾಕ್ಟರು ಹೇಳಿದ್ರು. ನಿಮಗೆ ಹೇಳ್ಬಾರ್ದು ಅಂತ ಇಲ್ಲಿ ಮನೆಯವರಿಗೆಲ್ಲ ನಾನೇ ತಾಕೀತು ಮಾಡಿದ್ದು. ನಿನ್ನ ಗಂಡ 'ಟಿಕೆಟ್ ಮಾಡಿ ಬರ್ತೇನೆ' ಅಂತ ಕುಣಿಯುದು ಬೇಡ."

ನನ್ನ ಕೈಯಲ್ಲಿದ್ದ ಫೋನು ಇನ್ನೂ ಹೂವಿನ ಕಡೆಗೇ ಮುಖ ಮಾಡಿತ್ತು.

"ಎಂತ ಸುಮ್ಮನಾದೆ? ಹೇಳು. ಹೇಗುಂಟು ಹೂ?"

"ಹಳದಿ, ಅತ್ತೆ."

"ಹಳದಿ ಅಂದ್ರೆ ಎಂತ ಹಳದಿ? ಬರೇ ಹಳದಿ ಅಂದ್ರೆ ನನಗೆ ಗೊತ್ತಾಗುದು ಹೇಗೆ? ಕಾನ್ವೆಂಟಿನಲ್ಲಿ ಕಲ್ತವಳು, ಸರಿಯಾಗಿ ಹೇಳು!"

ನಾನು ಗೊಂಚಲಿನ ಹತ್ತಿರ ಸರಿದೆ. ಚೆಂಡುಹೂವಿನ ಹಳದಿಯಲ್ಲ, ನಿಂಬೆಯದೂ ಅಲ್ಲ ಎಂದೆ. ಒಗ್ಗರಣೆಗೆ ಅರಿಶಿನ ಹಾಕಿದ ಕೂಡಲೇ ಎಣ್ಣೆಯಲ್ಲಿ ಬಿಚ್ಚಿಕೊಳ್ಳುತ್ತದಲ್ಲ, ಸೀಯುವ ಮೊದಲು, ಆ ಹಳದಿ. ಕಡಲೆಕಾಳಿಗಿಂತ ಸ್ವಲ್ಪ ದೊಡ್ಡ ಉಂಡೆ, ಎಸಳೇ ಇಲ್ಲ, ಬರೀ ಕೇಸರಗಳು, ಉಣ್ಣೆಯ ಕುಚ್ಚಿನ ಹಾಗೆ. ತುದಿಯಲ್ಲಿ ಗೊಂಚಲು. ಕೆಳಗಿನವು ಅರಳಿವೆ, ಮೇಲಿನವು ಇನ್ನೂ ಹಸಿರು. ಮುಟ್ಟಿದರೆ ಬೆರಳಿಗೆ ಪುಡಿ ಹತ್ತುತ್ತದೆ. ಎರಡು ಮುಳ್ಳಿನ ನಡುವೆ ಒಂದು ಉಂಡೆ ಸಿಕ್ಕಿಕೊಂಡಿದೆ, ಅದಕ್ಕೇನೂ ನೋವಾದಂತಿಲ್ಲ. ಈಗ ಒಂದು ದಪ್ಪ ಕರಿ ದುಂಬಿ ಬಂತು. ಕೂತಿತು. ಅದರ ಭಾರಕ್ಕೆ ಗೊಂಚಲು ಬಾಗಿತು. ಎದ್ದಿತು. ಮತ್ತೆ ಅದೇ ಹೂವಿಗೇ ಬಂತು.

"ವಾಸನೆ?"

ಮೂಗಿಗೆ ಚುಚ್ಚಿಸಿಕೊಂಡು ಮೂಸಿದೆ. "ಬಿಸಿ ಹಾಲಿಗೆ ಜೇನು ಹಾಕಿದ ಹಾಗೆ. ತುಂಬಾ ಕಡಿಮೆ. ಹತ್ತಿರ ಹೋದ್ರೆ ಮಾತ್ರ."

"ಹ್ಞಾಂ," ಎಂದಿತು ಆ ಕಿವಿ. "ಅದೇ." ಆಮೇಲೆ ಅತ್ತೆ ಕೆಲಸ ಮುಗಿಸಿದವರ ದನಿಯಲ್ಲಿ, "ಆಯ್ತು ಮಾರಾಯ್ತಿ, ನೋಡಿದೆ. ಇನ್ನು ಅದನ್ನ ಗಾಜಿನ ಮನೆಗೆ ಕೊಟ್ಟುಬಿಡು. ನಿನ್ನ ಕಿಟಕಿ ನಿನಗೆ," ಎಂದರು.

ನನಗೆ ಎಲ್ಲಿತ್ತೋ ಅಷ್ಟು ಸಿಟ್ಟು!

"ಕೊಡೋದಕ್ಕೆ ನೀವ್ಯಾರು ಅತ್ತೆ?" ಎಂದು ಚೀರಿದೆ. ಬೇಲಿಯಾಚೆಯವರು ತಿರುಗಿ ನೋಡಿದರು, ನೋಡಲಿ. "ಗಿಡ ನಂದು! ನೀರು ಹಾಕಿದ್ದು ನಾನು, ಹಾಕದೇ ಇದ್ದಿದ್ದೂ ನಾನು! ಕೊಟ್ಟುಬಿಡಬೇಕಂತೆ! ಮುಂದಿನ ಬೇಸಿಗೆ ಹೂ ಬಿಟ್ಟಾಗ ಏನು ಅಂತ ಹೇಳ್ಬೇಕು ನಾನು, ಯಾರಿಗೆ ಹೇಳ್ಬೇಕು? ದುಂಬಿ ಬಂತು ಅಂತ ಇವರಿಗೆ ಹೇಳಿದ್ರೆ ಕೇಳ್ತಾರಾ?"

ಅತ್ತ ಕಡೆ ಮೂಗೆಳೆದ ಸದ್ದಾಯಿತು. ಇಲ್ಲ, ನಕ್ಕಿದ್ದೂ ಇರಬಹುದು. ಕಿವಿ ನೋಡಿ ಹೇಗೆ ಹೇಳುವುದು?

"ಆಯ್ತು, ಬೈಬೇಡ," ಎಂದರು ಅತ್ತೆ. "ಎಲೆಯ ಬಗ್ಗೆ ನೀನು ಎಂತದೂ ಹೇಳ್ಲೇ ಇಲ್ಲ."

ನಾನು ಡೆಕ್ಕಿನ ಮೆಟ್ಟಿಲ ಮೇಲೆ ಕುಳಿತು, ಸೆರಗಿನಿಂದ ಮುಖ ಒರೆಸಿಕೊಂಡು, ಎಲೆಯಿಂದ ಶುರು ಮಾಡಿದೆ.